ಪರೀಕ್ಷಾ ಕೊಠಡಿಯ ಹೊರಗಿನ ಪರೀಕ್ಷೆ

ಪ್ರತಿ ವರ್ಷ ಸಾಮಾನ್ಯ ಪ್ರವೇಶ ಪರೀಕ್ಷೆಯ ದಿನಗಳಂದು ನಮ್ಮ ಕಾಲೇಜುಗಳ ಅಂಗಳದಲ್ಲಿ ಒಂದು ನೋಟ ತಪ್ಪದೆ ಕಾಣಸಿಗುತ್ತದೆ. ಗಂಟೆ ಬಾರಿಸಿದೊಡನೆ ಉತ್ತರ ಹಾಳೆಯನ್ನೊಪ್ಪಿಸಿ ಹೊರಬಂದ ವಿದ್ಯಾರ್ಥಿಗಳು ನೇರವಾಗಿ ತಂದೆತಾಯಿಯರ ಬಳಿಗೆ ಹೋಗುವುದಿಲ್ಲ. ಮರದ ನೆರಳಿನಲ್ಲೋ ಮೆಟ್ಟಿಲುಗಳ ಮೇಲೋ ನಾಲ್ಕೈದು ಮಂದಿ ಗುಂಪುಗೂಡುತ್ತಾರೆ. "ಆ ಪ್ರಶ್ನೆಗೆ ನೀನು ಯಾವುದು ಹಾಕಿದೆ?" "ನಾನು ಎರಡನೆಯದು." "ಅಯ್ಯೋ, ನಾನು ಮೂರನೆಯದನ್ನಲ್ಲವೇ ತುಂಬಿದ್ದು!" ಕ್ಷಣಮಾತ್ರದಲ್ಲಿ ಒಬ್ಬರ ಮುಖ ಅರಳುತ್ತದೆ, ಇನ್ನೊಬ್ಬರದು ಬಾಡುತ್ತದೆ. ಗೇಟಿನ ಹೊರಗೆ ಬುತ್ತಿ ಹಿಡಿದು ನಿಂತ ತಾಯಿಗೆ ಕಾರಣ ತಿಳಿಯುವುದಿಲ್ಲ; ಮಗುವಿಗೆ ಊಟ ಸೇರುವುದಿಲ್ಲ.

ಇದನ್ನು ಹುಡುಗಾಟವೆಂದು ತಳ್ಳಿಹಾಕುವಂತಿಲ್ಲ. ನಮ್ಮ ರಾಜ್ಯದಲ್ಲಿ 1994ರಲ್ಲಿ ಆರಂಭವಾದ ಈ ಸಿಇಟಿಯ ಸ್ವರೂಪವನ್ನೇ ನೋಡಿರಿ. 2024ರ ವೇಳಾಪಟ್ಟಿಯಂತೆ ದಿನಕ್ಕೆ ಎರಡು ವಿಷಯಗಳು. ಪ್ರತಿಯೊಂದಕ್ಕೂ 60 ಪ್ರಶ್ನೆಗಳು, 80 ನಿಮಿಷಗಳು. ಬೆಳಗಿನ ಪರೀಕ್ಷೆ 11.50ಕ್ಕೆ ಮುಗಿದರೆ ಮಧ್ಯಾಹ್ನದ್ದು 2.30ಕ್ಕೆ ಆರಂಭ. ನಡುವೆ ದೊರೆಯುವ ಎರಡು ಗಂಟೆ ನಲವತ್ತು ನಿಮಿಷಗಳಲ್ಲಿ ಎಷ್ಟೋ ಮಕ್ಕಳು, ಮುಗಿದುಹೋದ ಪರೀಕ್ಷೆಯ ಚಿಂತೆಯಲ್ಲಿ ಇನ್ನೂ ಬರೆಯಬೇಕಾದ ಪರೀಕ್ಷೆಯನ್ನು ಕಳೆದುಕೊಳ್ಳುತ್ತಾರೆ.

ಹೋಲಿಸುವುದೇಕೆ?

ಸಂದೇಹದಲ್ಲಿ ನೆಲೆನಿಲ್ಲಲಾರದಿರುವುದು ಮನುಷ್ಯಬುದ್ಧಿಯ ಸ್ವಭಾವ. ತಿಳಿದದ್ದು ನಿಜವೋ ಅಲ್ಲವೋ ಎಂದು ಅರಿಯುವ ತವಕವಿಲ್ಲದಿದ್ದರೆ ವಿದ್ಯೆಯೇ ಇರುತ್ತಿರಲಿಲ್ಲ. ಆದ್ದರಿಂದ ಉತ್ತರಗಳನ್ನು ಹೋಲಿಸುವ ಮಕ್ಕಳನ್ನು ಗದರಿಸುವುದು ಸರಿಯಲ್ಲ. ಅವರು ಯಾವುದರೊಡನೆ ಹೋಲಿಸುತ್ತಿದ್ದಾರೆ ಎಂಬುದಷ್ಟೇ ಇಲ್ಲಿ ವಿಚಾರಾರ್ಹ.

ಮರದ ನೆರಳಿನಲ್ಲಿ ನಡೆಯುವುದು ಬಹುಮಟ್ಟಿಗೆ ಕೈಯೆತ್ತಿ ಎಣಿಸುವ ಮತದಾನ. ಐವರಲ್ಲಿ ನಾಲ್ವರು ಎರಡನೆಯದೆಂದರೆ ಮೂರನೆಯದೆಂದವನು ಸೋತಂತೆಯೇ. ಹಲವರು ಕೂಡಿ ನಿರ್ಣಯಿಸುವುದರ ಬಲವೆಷ್ಟೆಂಬುದನ್ನು ಫ್ರಾನ್ಸಿನ ಗಣಿತಜ್ಞ ಹಾಗೂ ತತ್ತ್ವಜ್ಞ ಕೊಂಡೊರ್ಸೆ 1785ರಲ್ಲಿಯೇ ಲೆಕ್ಕಹಾಕಿ ತೋರಿಸಿದ್ದನು. ಪ್ರತಿಯೊಬ್ಬನೂ ಸ್ವತಂತ್ರವಾಗಿ ಯೋಚಿಸಿ, ತಪ್ಪುವುದಕ್ಕಿಂತ ಸರಿಯಾಗುವ ಸಂಭವವೇ ಹೆಚ್ಚಿದ್ದರೆ, ಜನ ಹೆಚ್ಚಿದಷ್ಟೂ ಬಹುಮತ ಸತ್ಯಕ್ಕೆ ಸಮೀಪಿಸುತ್ತದೆ. ತಪ್ಪುವ ಸಂಭವವೇ ಹೆಚ್ಚಿದ್ದರೆ, ಜನ ಹೆಚ್ಚಿದಷ್ಟೂ ಬಹುಮತ ಸತ್ಯದಿಂದ ದೂರ ಸರಿಯುತ್ತದೆ.

ಮಕ್ಕಳ ಗುಂಪಿಗೆ ಇದನ್ನು ಅನ್ವಯಿಸಿರಿ. ಸುಲಭವಾದ ಪ್ರಶ್ನೆಗಳನ್ನು ಅಲ್ಲಿ ಯಾರೂ ಚರ್ಚಿಸುವುದಿಲ್ಲ. ಎಲ್ಲರೂ ಎಡವಬಹುದಾದ ಕಠಿಣ ಪ್ರಶ್ನೆಗಳೇ ಮಾತಿಗೆ ಬರುತ್ತವೆ. ಅಷ್ಟೇ ಅಲ್ಲ, ಆ ನಾಲ್ವರೂ ಒಂದೇ ಟ್ಯೂಷನ್ನಿನಲ್ಲಿ, ಒಂದೇ ಗೈಡಿನಿಂದ ಕಲಿತವರಾಗಿದ್ದರೆ ಅವರದು ನಾಲ್ಕು ಅಭಿಪ್ರಾಯಗಳಲ್ಲ, ಒಂದೇ ಅಭಿಪ್ರಾಯದ ನಾಲ್ಕು ಪ್ರತಿಗಳು. ಇದರ ಮೇಲೆ ಇನ್ನೊಂದು ಗೊಂದಲ: ಪ್ರಶ್ನೆಪತ್ರಿಕೆಗೆ ಹಲವು ಆವೃತ್ತಿಗಳಿದ್ದು ಪ್ರಶ್ನೆಗಳ ಕ್ರಮ ಬೇರೆ ಬೇರೆಯಾಗಿರುತ್ತದೆ. ಒಬ್ಬಳ 27ನೆಯ ಪ್ರಶ್ನೆ ಇನ್ನೊಬ್ಬಳ 27ನೆಯದಾಗಿರುವುದಿಲ್ಲ. ಕೇವಲ ಕ್ರಮಸಂಖ್ಯೆಯನ್ನು ನಂಬಿ ಅಳುವ ಮಕ್ಕಳೂ ಉಂಟು. ಕೊನೆಗೆ 60ರಲ್ಲಿ ವಿವಾದಕ್ಕೊಳಗಾದ ಐದಾರು ಪ್ರಶ್ನೆಗಳು ಮಾತ್ರ ನೆನಪಿನಲ್ಲುಳಿದು, ನೆಮ್ಮದಿಯಿಂದ ಉತ್ತರಿಸಿದ ಐವತ್ತಕ್ಕೂ ಮಿಕ್ಕಿದವು ಮರೆತೇಹೋಗುತ್ತವೆ.

2024ರ ಪಾಠ

ಅಂಗಳದ ತೀರ್ಪು ಎಷ್ಟು ಅಸ್ಥಿರವೆಂಬುದಕ್ಕೆ 2024ನೇ ವರ್ಷವೇ ಸಾಕ್ಷಿ. ಏಪ್ರಿಲ್‌ನಲ್ಲಿ ನಡೆದ ಸಿಇಟಿಯಲ್ಲಿ ಪಠ್ಯಕ್ರಮದ ಹೊರಗಿನ ಪ್ರಶ್ನೆಗಳು ಬಂದವೆಂದು ದೂರುಗಳೆದ್ದವು. ಸುಮಾರು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಲಾಯಿತು. ಅವುಗಳಿಗಾಗಿ ಮಧ್ಯಾಹ್ನದ ಊಟ ಬಿಟ್ಟು ಕೊರಗಿದ ಮಕ್ಕಳ ಕಣ್ಣೀರು ಲೆಕ್ಕಕ್ಕೇ ಬಾರದ ಪ್ರಶ್ನೆಗಳಿಗಾಗಿ ಸುರಿದಿತ್ತು!

ಅದೇ ವರ್ಷ ಮೇ 5ರಂದು ನಡೆದ ನೀಟ್ ಪರೀಕ್ಷೆಯ ಒಂದು ಭೌತಶಾಸ್ತ್ರದ ಪ್ರಶ್ನೆಯ ಕಥೆ ಇನ್ನಷ್ಟು ಮನನೀಯ. ಪ್ರತಿಯೊಂದು ಮೂಲವಸ್ತುವಿನ ಪರಮಾಣುವೂ ಸ್ಥಿರವಾದುದೆಂಬ ಹೇಳಿಕೆ ಸರಿಯೇ ಎಂಬುದು ಅದರ ತಿರುಳು. ಪಠ್ಯಪುಸ್ತಕದ ಹಳೆಯ ಮುದ್ರಣವನ್ನು ಓದಿದವರು ಒಂದು ಉತ್ತರವನ್ನೂ, ಹೊಸದನ್ನು ಓದಿದವರು ಇನ್ನೊಂದನ್ನೂ ಆರಿಸಿದರು. ರಾಷ್ಟ್ರೀಯ ಪರೀಕ್ಷಾ ಸಂಸ್ಥೆ ಎರಡಕ್ಕೂ ಅಂಕ ನೀಡಿತು. ವಿವಾದ ಸರ್ವೋಚ್ಚ ನ್ಯಾಯಾಲಯವನ್ನೇರಿತು. ನ್ಯಾಯಾಲಯದ ಸೂಚನೆಯಂತೆ ದೆಹಲಿಯ ಐಐಟಿಯ ಮೂವರು ತಜ್ಞರು ಪರಿಶೀಲಿಸಿ, ನಾಲ್ಕನೆಯ ಆಯ್ಕೆಯೊಂದೇ ಸರಿಯೆಂದರು. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿದರೆ ಒಂದು ಅಂಕ ಕಡಿತ. ಹೀಗಾಗಿ ನಾಲ್ಕು ಲಕ್ಷಕ್ಕೂ ಅಧಿಕ ವಿದ್ಯಾರ್ಥಿಗಳು ತಲಾ ಐದು ಅಂಕ ಕಳೆದುಕೊಂಡರು. 720ಕ್ಕೆ 720 ಪಡೆದವರ ಸಂಖ್ಯೆ 61ರಿಂದ 17ಕ್ಕೆ ಇಳಿಯಿತು.

ಆ ತಜ್ಞರು ತಲೆಗಳನ್ನು ಎಣಿಸಲಿಲ್ಲ. ಎಣಿಸಿದ್ದರೆ ನಾಲ್ಕು ಲಕ್ಷವೆಂಬುದು ಸಣ್ಣ ಬಲವಲ್ಲ. ಹಳೆಯ ಮುದ್ರಣ ಏನೇ ಹೇಳಲಿ, ಯುರೇನಿಯಂ ಪರಮಾಣು ತಾನಾಗಿಯೇ ಕ್ಷಯಿಸುವುದನ್ನು ನಿಲ್ಲಿಸುವುದಿಲ್ಲ. ಬುದ್ಧಿಯು ವಸ್ತುವಿಗೆ ಹೊಂದಿಕೊಳ್ಳುವುದೇ ಸತ್ಯವೆಂದು ಸಂತ ಥಾಮಸ್ ಅಕ್ವಿನಾಸರು ಬೋಧಿಸಿದುದರ ಅರ್ಥ ಇದುವೇ. ಉತ್ತರವನ್ನು ಹೋಲಿಸಬೇಕಾದುದು ವಸ್ತುವಿನೊಡನೆ, ಗೆಳೆಯನ ಉತ್ತರದೊಡನೆಯಲ್ಲ. ಹಾಗೆಂದು ಹಳೆಯ ಪುಸ್ತಕವನ್ನು ನಂಬಿ ಓದಿದ ಆ ಮಕ್ಕಳು ದಡ್ಡರೂ ಅಲ್ಲ, ಸೋಮಾರಿಗಳೂ ಅಲ್ಲ. ಐದು ಅಂಕ ಕಳೆದುಕೊಂಡ ಮರುದಿನವೂ ಅವರ ಬುದ್ಧಿ, ಪರಿಶ್ರಮಗಳು ಹಿಂದಿನ ದಿನದಷ್ಟೇ ಇದ್ದವು.

ಮಾಡಬೇಕಾದುದೇನು?

ವಿದ್ಯಾರ್ಥಿಗಳಿಗೆ ಒಂದು ಮಾತು. ಕೊನೆಯ ಪರೀಕ್ಷೆ ಮುಗಿಯುವ ತನಕ ಉತ್ತರಗಳ ಮಾತು ಬೇಡವೆಂದು ಗೆಳೆಯರೊಳಗೇ ಒಪ್ಪಂದ ಮಾಡಿಕೊಳ್ಳಿರಿ. ಬೆಳಗಿನ ಹಾಳೆಯನ್ನು ಒಪ್ಪಿಸಿಯಾಗಿದೆ. ಮಧ್ಯಾಹ್ನದ್ದು ಇನ್ನೂ ನಿಮ್ಮ ಕೈಯಲ್ಲಿದೆ. ಎಲ್ಲವೂ ಮುಗಿದ ಮೇಲೆ ಪುಸ್ತಕ ತೆರೆದು ಧಾರಾಳವಾಗಿ ಚರ್ಚಿಸಿರಿ. ಕೀ ಉತ್ತರಗಳು ಪ್ರಕಟವಾದಾಗ ಅವುಗಳಲ್ಲಿ ತಪ್ಪು ಕಂಡರೆ ಆಧಾರಸಹಿತ ಆಕ್ಷೇಪಣೆ ಸಲ್ಲಿಸಿರಿ. ಇಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿಯ ಅಂಕಗಳಷ್ಟೇ ಪಿಯುಸಿ ಅಂಕಗಳೂ ಅರ್ಧಪಾಲು ಪರಿಗಣಿತವಾಗುವುದನ್ನು ಮರೆಯದಿರಿ. ಒಂದು ಪ್ರಶ್ನೆಯಿಂದ ಎಲ್ಲವೂ ಮುಳುಗುವುದಿಲ್ಲ.

ಹೆತ್ತವರ ಹೊಣೆ ಇನ್ನೂ ಹೆಚ್ಚಿನದು. ಗೇಟಿನಿಂದ ಹೊರಬಂದ ಮಗುವಿಗೆ ನಿಮ್ಮ ಮೊದಲ ಪ್ರಶ್ನೆ "ಎಷ್ಟು ಬರಬಹುದು?" ಎಂದಾಗದೆ "ಹಸಿವಾಗಿದೆಯಾ, ಮಗಾ?" ಎಂದಾಗಲಿ. ಭಾನುವಾರ ಇಗರ್ಜಿಯ ಅಂಗಳದಲ್ಲಿ ನಿಂತು "ನಿಮ್ಮ ಮಗಳಿಗೆ ಎಷ್ಟು ಸರಿಯಾಗಿದೆಯಂತೆ?" ಎಂದು ವಿಚಾರಿಸಿ, ಮನೆಗೆ ಬಂದು ಆ ಸಂಖ್ಯೆಯನ್ನು ಸ್ವಂತ ಮಗನ ಮುಂದಿಡುವ ಚಾಳಿಯನ್ನು ದಯಮಾಡಿ ಬಿಟ್ಟುಬಿಡಿರಿ. ಮಕ್ಕಳು ಹೋಲಿಸುವುದು ಉತ್ತರಗಳನ್ನು. ನಾವು ಹೋಲಿಸುವುದು ಮಕ್ಕಳನ್ನೇ. ಮನುಷ್ಯನಿಗೆ ಕೀ ಉತ್ತರವೆಂಬುದಿಲ್ಲ.

ಪರೀಕ್ಷೆಯಿಂದ ಬಂದು, ಮಾತಿಲ್ಲದೆ ಕೋಣೆಯ ಬಾಗಿಲು ಹಾಕಿಕೊಂಡು, ಉಣ್ಣದೆ ಮಲಗುವ ಮಗುವನ್ನು ಆ ರಾತ್ರಿ ಒಂಟಿಯಾಗಿ ಬಿಡಬೇಡಿರಿ. ಆಗ ಉಪದೇಶವೂ ಬೇಡ, ಲೆಕ್ಕಾಚಾರವೂ ಬೇಡ. ಪಕ್ಕದಲ್ಲಿ ಕುಳಿತುಕೊಳ್ಳಿರಿ. ಫಲಿತಾಂಶ ಏನೇ ಇರಲಿ, ಈ ಮನೆಯಲ್ಲಿ ತನ್ನ ಸ್ಥಾನ ಬದಲಾಗದೆಂಬುದು ಆ ಮಗುವಿಗೆ ಫಲಿತಾಂಶಕ್ಕಿಂತ ಮುಂಚೆಯೇ ತಿಳಿದಿರಲಿ.