ಮುದ್ರೆ ಬಿದ್ದ ಮೇಲೆ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ನಾಡಕಚೇರಿಗಳು ಈಗ ನೀಡುವ ಜಾತಿ, ಆದಾಯ ಪ್ರಮಾಣಪತ್ರಗಳ ಮೇಲೆ ಶಾಯಿಯ ರುಜುವಿಗೆ ಬದಲಾಗಿ ಡಿಜಿಟಲ್ ಸಹಿಯಿರುತ್ತದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯು ಇಂಥ ಸಹಿಗೆ ಮಾನ್ಯತೆಯನ್ನಿತ್ತಿತು. ಗಣಕಯಂತ್ರವು ಇಡೀ ದಾಖಲೆಯಿಂದ ಒಂದು ಸಂಕೇತವನ್ನು ರೂಪಿಸಿ, ಅಧಿಕಾರಿಯ ಗುಪ್ತ ಕೀಲಿಯಿಂದ ಮುದ್ರೆಯೊತ್ತುತ್ತದೆ. ಅನಂತರ ಒಂದಕ್ಷರ ಬದಲಾದರೂ ತಾಳೆಯಾಗದು. ಖೊಟ್ಟಿ ಪತ್ರಗಳ ಹಾವಳಿಗೆ ಇದು ಒಳ್ಳೆಯ ಕಡಿವಾಣವೇ ಸರಿ.

ಆದರೆ ಬರೆದದ್ದು ಸತ್ಯವೇ ಎಂಬುದನ್ನು ಮುದ್ರೆ ಅರಿಯದು! ನಮ್ಮ ಮನೆಗಳಲ್ಲಿ ತಂದೆಯ ಶಾಲಾ ದಾಖಲೆಯಲ್ಲಿ ‘ಲಿಂಗಾಯತ’, ಮಗಳದರಲ್ಲಿ ‘ವೀರಶೈವ’, ಇನ್ನೊಬ್ಬರದರಲ್ಲಿ ಬರಿಯ ಒಳಪಂಗಡ ಎಂದು ಬರೆಸಿರುವುದುಂಟು. ಹಿಂದೆ ಗುಮಾಸ್ತರು ಇಂಥ ವ್ಯತ್ಯಾಸವನ್ನು ಅರ್ಥಮಾಡಿಕೊಳ್ಳುತ್ತಿದ್ದರು. ಯಂತ್ರಕ್ಕೆ ಆ ದಾಕ್ಷಿಣ್ಯವಿಲ್ಲ. ಆದುದರಿಂದ ಬಂಧುಗಳೇ, ಮಗುವನ್ನು ಶಾಲೆಗೆ ಸೇರಿಸುವ ದಿನವೇ ಹೆಸರು, ಜನ್ಮದಿನಾಂಕ, ಜಾತಿಯ ಕಲಮುಗಳನ್ನು ಓದಿ ನೋಡಿಯೇ ಸಹಿ ಹಾಕಿರಿ. ಎಸ್‌ಎಸ್‌ಎಲ್‌ಸಿ ಮುಗಿದ ಮೇಲಿನ ತಿದ್ದುಪಡಿಗೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಬೇಕಾದೀತು.