ಕತ್ತಿಗೆ ಚುಚ್ಚಿದರೆ ಮೂಗಿಗೆ ವಾಸನೆ ಬರುತ್ತದಾ?

ಕಾಫಿ ಲೋಟ ಬಾಯಿಯ ಹತ್ತಿರ ತಂದರೆ ಸುಟ್ಟ ರಬ್ಬರಿನ ವಾಸನೆ. ಈರುಳ್ಳಿ ಹುರಿದರೆ ಕೊಳೆತ ನಾತ. ಕೋವಿಡ್ ವಾಸಿಯಾಗಿ ಎಷ್ಟೋ ತಿಂಗಳಾದರೂ ಹೀಗೆ ನರಳಿದವರಿದ್ದಾರೆ. ಇದು ಪರೋಸ್ಮಿಯಾ. ಹೊರಗೆ ಏನೂ ಕಾಣದ ಕಾರಣ ಈ ಸಂಕಟ ಮನೆಯವರಿಗೂ ಅರ್ಥವಾಗುವುದಿಲ್ಲ.

ಅಮೆರಿಕದ ಫಿಲಡೆಲ್ಫಿಯಾದಲ್ಲಿ, ಜೆಫರ್ಸನ್ ಆಸ್ಪತ್ರೆಯ ವೈದ್ಯರು ಇಂಥವರಿಗೆ ಹಳೆಯ ನೋವಿನ ಚಿಕಿತ್ಸೆಯೊಂದನ್ನು ಕೊಟ್ಟು ನೋಡಿದರು: ಸ್ಟೆಲೇಟ್ ಗ್ಯಾಂಗ್ಲಿಯಾನ್ ಬ್ಲಾಕ್. ಕತ್ತಿನ ಬುಡದಲ್ಲಿ, ಎರಡೂ ಬದಿಗೆ, ನಕ್ಷತ್ರದಂಥ ಒಂದೊಂದು ನರಗಂಟು ಇದೆ. ತಲೆ, ಮುಖದ ರಕ್ತನಾಳಗಳನ್ನು ಬಿಗಿ ಮಾಡುವ ನರಗಳ ದಾರಿ ಅದು. ಸ್ಕ್ಯಾನ್ ನೋಡುತ್ತಾ ಸೂಜಿಯಿಂದ ಅದರ ಪಕ್ಕಕ್ಕೆ ಅರಿವಳಿಕೆ ಔಷಧ ಬಿಡುತ್ತಾರೆ. ಹತ್ತು ನಿಮಿಷದೊಳಗಿನ ಕೆಲಸ. ಸ್ವಲ್ಪ ಹೊತ್ತಿಗೆ ಆ ಬದಿಯ ರೆಪ್ಪೆ ಜೋಲುತ್ತದೆ, ಕಣ್ಣಿನ ಪಾಪೆ ಚಿಕ್ಕದಾಗುತ್ತದೆ. ಗಾಬರಿ ಬೇಡ, ಔಷಧ ನರಕ್ಕೆ ತಟ್ಟಿದ ಗುರುತು ಅದು. ಕೆಲವು ಗಂಟೆಗಳಲ್ಲಿ ಸರಿಹೋಗುತ್ತದೆ.

2022ರಲ್ಲಿ ಅವರು ಕೊಟ್ಟ ಲೆಕ್ಕ: ಮತ್ತೆ ಸಂಪರ್ಕಕ್ಕೆ ಸಿಕ್ಕ 37 ಜನರಲ್ಲಿ 22 ಮಂದಿಗೆ ಒಂದೇ ವಾರದಲ್ಲಿ ಸುಧಾರಣೆ. ಕೇಳಿದರೆ ಖುಷಿಯಾಗುತ್ತದೆ. ಆದರೆ ಹೋಲಿಸಿ ನೋಡಲು ಬರೀ ಉಪ್ಪುನೀರು ಚುಚ್ಚಿಸಿಕೊಂಡವರ ಗುಂಪು ಅಲ್ಲಿರಲಿಲ್ಲ. ತಾನಾಗಿಯೇ ಗುಣವಾಗುವವರೂ ಬಹಳ. ಹಾಗಾಗಿ ಇದನ್ನು ಖಚಿತ ಮದ್ದು ಎನ್ನಲು ನಾನು ಒಪ್ಪುವುದಿಲ್ಲ.

ಮೊದಲು ಮಾಡಬೇಕಾದ್ದು ಮನೆಯಲ್ಲೇ ಇದೆ. ಗುಲಾಬಿ, ನಿಂಬೆ, ಲವಂಗ, ನೀಲಗಿರಿ. ಒಂದೊಂದನ್ನೂ ಇಪ್ಪತ್ತು ಸೆಕೆಂಡಿನಷ್ಟು, ಮನಸ್ಸಿಟ್ಟು ಮೂಸಿ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ, ಕನಿಷ್ಠ ಮೂರು ತಿಂಗಳು. ಜೊತೆಗೆ ಇಎನ್‌ಟಿ ವೈದ್ಯರಿಗೆ ತೋರಿಸಿ. ಅವರನ್ನು ಕೇಳದೆ ಕತ್ತಿಗೆ ಸೂಜಿ ಚುಚ್ಚಿಸಿಕೊಳ್ಳಬೇಡಿ.