ಪಾಸ್‌ವರ್ಡ್ ಕಂಪ್ಯೂಟರಿಗೂ ಗೊತ್ತಿರುವುದಿಲ್ಲ



ಕಳೆದ ವರ್ಷ ನಮ್ಮ ಶಾಲೆಯ ಹತ್ತನೇ ತರಗತಿ ಪಟ್ಟಿಯಲ್ಲಿ ಒಬ್ಬ ಹುಡುಗಿಯ ಮನೆತನದ ಹೆಸರಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು. ಸರ್ಟಿಫಿಕೇಟಿನಲ್ಲೂ ಅದೇ ತಪ್ಪು ಬಂದರೆ ಆಮೇಲೆ ಅವರಪ್ಪ ಕೂಲಿ ಬಿಟ್ಟು ಆದೋನಿ, ಕರ್ನೂಲು ಅಂತ ಅಲೆಯಬೇಕು. ತಿದ್ದಲು ಅದೇ ಕೊನೇ ದಿನ. ಕಂಪ್ಯೂಟರ್ ಮುಂದೆ ಕೂತು ಪಾಸ್‌ವರ್ಡ್ ಹೊಡೆದೆ. ತಪ್ಪು. ಮತ್ತೆ ಹೊಡೆದೆ, ಮತ್ತೆ ತಪ್ಪು. ಮೂರನೇ ಸಲಕ್ಕೆ ಖಾತೆಯೇ ಲಾಕ್. ಎರಡು ತಿಂಗಳ ಹಿಂದೆ ಆ ವೆಬ್‌ಸೈಟ್ ಬಲವಂತವಾಗಿ ಹೊಸ ಪಾಸ್‌ವರ್ಡ್ ಇಡಿಸಿತ್ತು. ಅದು ನನಗೆ ನೆನಪೇ ಇರಲಿಲ್ಲ.

ಪಕ್ಕದಲ್ಲಿ ನಿಂತಿದ್ದ ಒಂಬತ್ತನೇ ತರಗತಿಯ ಹುಡುಗ ಕೇಳಿದ: "ಸಾರ್, ಸರಿಯೋ ತಪ್ಪೋ ಅಂತ ಅದಕ್ಕೆ ಗೊತ್ತಾಗ್ತೈತಲ್ಲ? ಅಂದ್ರೆ ಸರಿ ಯಾವುದು ಅಂತಾನೂ ಗೊತ್ತಿರ್ಬೇಕಲ್ಲ. ಹೇಳಿಬಿಟ್ರೆ ಮುಗೀತಲ್ಲ?"

ಎಂಥ ಒಳ್ಳೆ ಪ್ರಶ್ನೆ ನೋಡಿ. ಆದರೆ ಉತ್ತರ ನೀವು ಅಂದುಕೊಂಡಂತಿಲ್ಲ. ಸರಿಯಾಗಿ ಕಟ್ಟಿದ ವ್ಯವಸ್ಥೆಯಾದರೆ ನಿಮ್ಮ ಪಾಸ್‌ವರ್ಡ್ ಅದಕ್ಕೂ ಗೊತ್ತಿರುವುದಿಲ್ಲ.

ಹಿಂದೆ ಗೊತ್ತಿರುತ್ತಿತ್ತು. 1960ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಜೊತೆಗಾರರು ಒಂದೇ ಕಂಪ್ಯೂಟರನ್ನು ಹಲವರು ಬಳಸುವ ವ್ಯವಸ್ಥೆ ಕಟ್ಟಿದರು. ಒಬ್ಬರ ಕಡತ ಇನ್ನೊಬ್ಬರು ನೋಡಬಾರದು ಅಂತ ಪಾಸ್‌ವರ್ಡ್ ಇಟ್ಟರು. ಎಲ್ಲರ ಪಾಸ್‌ವರ್ಡೂ ಒಂದೇ ಪಟ್ಟಿಯಲ್ಲಿ, ಹಾಜರಿ ಪುಸ್ತಕದಲ್ಲಿ ಹೆಸರು ಬರೆದಂತೆ ಹಾಗೇ ಇದ್ದವು. ಒಂದು ದಿನ ಆ ಪಟ್ಟಿಯೂ ಬಳಕೆದಾರರಿಗೆ ತೋರಿಸುವ ದಿನದ ಸಂದೇಶವೂ ಅದಲುಬದಲಾಗಿ, ಒಳಬಂದವರಿಗೆಲ್ಲ ಎಲ್ಲರ ಪಾಸ್‌ವರ್ಡೂ ಪರದೆಯ ಮೇಲೆ ಕಂಡಿತು!

ಹಾಗಾದರೆ ಪಾಸ್‌ವರ್ಡ್ ಬರೆದಿಡದೆ ಪರೀಕ್ಷೆ ಮಾಡುವುದು ಹೇಗೆ? ಪೆನ್ಸಿಲ್ ತಗೊಳ್ಳಿ. ನಿಮ್ಮ ಗುಟ್ಟಿನ ಸಂಖ್ಯೆ 45 ಅಂತಿರಲಿ. ವರ್ಗ ಮಾಡಿ: 2025. ನಡುವಿನ ಎರಡು ಅಂಕಿ ಮಾತ್ರ ಉಳಿಸಿ: 02. ಕಂಪ್ಯೂಟರ್ ಬರೆದಿಡುವುದು ಈ 02 ಮಾತ್ರ. ನಾಳೆ ನೀವು 45 ಹೊಡೆದಾಗ ಅದೇ ಲೆಕ್ಕ ಮತ್ತೆ ಮಾಡಿ 02 ಬಂತಾ ಅಂತ ನೋಡುತ್ತದೆ. ಈಗ ಹಿಂದಕ್ಕೆ ಬನ್ನಿ. ಬರೀ 02 ಕೊಟ್ಟರೆ 45 ಅಂತ ಹೇಳಬಲ್ಲಿರಾ? 32ರ ವರ್ಗ 1024, 55ರದ್ದು 3025, 95ರದ್ದು 9025. ಎಲ್ಲದರ ನಡುವೆಯೂ 02! ಜೋಳ ಹಾಕಿದರೆ ಗಿರಣಿ ಹಿಟ್ಟು ಕೊಡುತ್ತದೆ, ಹಿಟ್ಟು ಹಾಕಿದರೆ ಜೋಳ ಕೊಡುವುದಿಲ್ಲ. ಇಂಥ ಒಮ್ಮುಖ ಲೆಕ್ಕಕ್ಕೆ ಹ್ಯಾಶ್ ಅನ್ನುತ್ತಾರೆ.

ನಮ್ಮ ಆಟದ ಲೆಕ್ಕದಲ್ಲಿ ಒಂದು ಕೊರತೆ ಇದೆ, ನೀವಾಗಲೇ ಹಿಡಿದಿರಬಹುದು. 32 ಹೊಡೆದರೂ ಬಾಗಿಲು ತೆರೆಯುತ್ತದೆ. ನಿಜವಾದ ಹ್ಯಾಶ್‌ನಲ್ಲಿ ಉತ್ತರ ಎರಡು ಅಂಕಿಯದ್ದಲ್ಲ. ಎಸ್‌ಎಚ್‌ಎ-256 ಎಂಬ ಹ್ಯಾಶ್‌ಗೆ ಬರಬಹುದಾದ ಉತ್ತರಗಳ ಎಣಿಕೆಯೇ 78 ಅಂಕಿಯ ಸಂಖ್ಯೆ. ಅಲ್ಲಿ ಇನ್ನೊಂದು 32 ಹುಡುಕುವುದು ಆಗದ ಮಾತು.

ಆದ್ದರಿಂದಲೇ 'ಮರೆತಿದ್ದೇನೆ' ಅಂದರೆ ಹೊಸದನ್ನು ಇಡಿ ಅನ್ನುತ್ತಾರೆ, ಹಳೆಯದನ್ನು ಹೇಳುವುದಿಲ್ಲ. ಯಾವುದಾದರೂ ವೆಬ್‌ಸೈಟ್ ನಿಮ್ಮ ಹಳೇ ಪಾಸ್‌ವರ್ಡನ್ನೇ ಮೆಸೇಜ್‌ನಲ್ಲಿ ಕಳಿಸಿದರೆ ಹುಷಾರಾಗಿರಿ. ಅವರು ಅದನ್ನು ಓದಲು ಬರುವ ಹಾಗೆ ಇಟ್ಟುಕೊಂಡಿದ್ದಾರೆ ಅಂತ ಅರ್ಥ.

ಹ್ಯಾಶ್ ಪಟ್ಟಿ ಕದ್ದ ಕಳ್ಳನಿಗೆ ಉಳಿಯುವ ದಾರಿ ಊಹೆ. ಒಂದೊಂದೇ ಪದ ಗಿರಣಿಗೆ ಹಾಕುತ್ತಾ ಹೋಗುತ್ತಾನೆ, ಅದೂ ಕಂಪ್ಯೂಟರಿನ ವೇಗದಲ್ಲಿ. ಅವನನ್ನು ತಡೆಯಲು ಅಂತ 2003ರಲ್ಲಿ ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್‌ನಲ್ಲಿದ್ದ ಬಿಲ್ ಬರ್ ಒಂದು ಮಾರ್ಗದರ್ಶಿ ಬರೆದರು: ದೊಡ್ಡಕ್ಷರ, ಅಂಕಿ, ಚಿಹ್ನೆ ಇರಲಿ, ಆಗಾಗ ಬದಲಿಸಲಿ. ಲೋಕವೆಲ್ಲ ಅದನ್ನೇ ಹಿಡಿಯಿತು. ಜನ ಏನು ಮಾಡಿದರು? ಊರ ಹೆಸರಿನ ಮುಂದೆ @123 ಸೇರಿಸಿದರು, ಬದಲಿಸು ಅಂದಾಗ @124 ಮಾಡಿದರು. ನಾನೂ ಅದೇ ಜಾತಿ. ವೆಬ್‌ಸೈಟ್ 'ಬಲವಾಗಿದೆ' ಅಂತ ಹಸಿರು ಗೆರೆ ತೋರಿಸುತ್ತದೆ. ಆದರೆ ಕಳ್ಳ ಮೊದಲು ಪರೀಕ್ಷಿಸುವುದೇ ಇಂಥವನ್ನು. 2017ರಲ್ಲಿ ನಿಸ್ಟ್ ತಾನೇ ಈ ಸಲಹೆ ಕೈಬಿಟ್ಟಿತು. ಸೋರಿಕೆಯಾದ ಸುಳಿವಿದ್ದರೆ ಮಾತ್ರ ಬದಲಿಸಿ, ಉದ್ದವಾದದ್ದನ್ನು ಇಡಲು ಬಿಡಿ ಅಂದಿತು. ತಾವು ಮಾಡಿದ್ದಕ್ಕೆ ಈಗ ವಿಷಾದವಿದೆ ಅಂತ ಬರ್ ಕೂಡ ಅದೇ ವರ್ಷ ಹೇಳಿಕೊಂಡರು. ಆ ಮಾತು ಎಷ್ಟೋ ಕಚೇರಿಗಳಿಗೆ ಇನ್ನೂ ಮುಟ್ಟಿಲ್ಲ.

ಲೆಕ್ಕ ನೀವೇ ಮಾಡಿ ನೋಡಿ. ಆರು ಅಂಕಿಯ ಪಿನ್ ಆದರೆ 10 ಲಕ್ಷ ಸಾಧ್ಯತೆ. ಎಂಟು ಸಣ್ಣ ಇಂಗ್ಲಿಷ್ ಅಕ್ಷರವಾದರೆ 26ನ್ನು ಎಂಟು ಸಲ ಗುಣಿಸಿ, ಸುಮಾರು 20,883 ಕೋಟಿ. ಈಗ ನಿಮ್ಮ ತರಗತಿಯ 40 ಮಂದಿ ತಲಾ 25 ಬೇರೆ ಬೇರೆ ಪದಗಳನ್ನು ಚೀಟಿಯಲ್ಲಿ ಬರೆಯಿರಿ: ಹತ್ತಿ, ಮಜ್ಜಿಗೆ, ಏಣಿ, ಏನಾದರೂ ಸರಿ. ಸಾವಿರ ಚೀಟಿ. ಕಣ್ಣು ಮುಚ್ಚಿ ಒಂದು ಎತ್ತಿ, ಬರೆದುಕೊಂಡು ವಾಪಸ್ ಹಾಕಿ. ಹೀಗೆ ನಾಲ್ಕು ಸಲ. ಸಾಧ್ಯತೆಗಳು ಒಂದು ಲಕ್ಷ ಕೋಟಿ! ಐದನೇ ಚೀಟಿ ಎತ್ತಿದರೆ ಇನ್ನೂ ಸಾವಿರ ಪಟ್ಟು. ನಾಲ್ಕು ಪದಕ್ಕೆ ಒಂದು ಪುಟ್ಟ ಕತೆ ಕಟ್ಟಿಕೊಂಡರೆ ನೆನಪಿಡುವುದೂ ಸುಲಭ. ಆದರೆ ಚೀಟಿಯನ್ನೇ ಎತ್ತಬೇಕು. ಇಷ್ಟದ ಪದ ಆರಿಸಿಕೊಂಡರೆ ಈ ಲೆಕ್ಕ ನಿಲ್ಲುವುದಿಲ್ಲ, ಯಾಕಂದರೆ ನಮ್ಮ ಇಷ್ಟಗಳನ್ನು ಬೇರೆಯವರು ಊಹಿಸಬಹುದು.

ಆ ದಿನ ಏನಾಯಿತು ಅಂತ ಹೇಳಲೇ ಇಲ್ಲ. ಹೊಸ ಪಾಸ್‌ವರ್ಡ್ ಇಡಲು ಓಟಿಪಿ ಬೇಕು, ಅದು ಹೋದದ್ದು ವರ್ಗವಾಗಿದ್ದ ಹಿಂದಿನ ಹೆಡ್‌ಮಾಸ್ಟರ ಫೋನಿಗೆ. ಓಟಿಪಿ ಯಾರಿಗೂ ಹೇಳಬೇಡಿ ಅಂತ ನಿಮಗೆ ಪಾಠ ಮಾಡುವ ನಾನೇ ಅವರಿಗೆ ಫೋನ್ ಮಾಡಿ "ಸಾರ್, ಆ ನಂಬರ್ ಸ್ವಲ್ಪ ಓದಿ ಹೇಳ್ರಿ" ಅಂದೆ. ಸಂಜೆ ಐದೂವರೆಗೆ ಹುಡುಗಿಯ ಹೆಸರಿಗೆ ಆ ಅಕ್ಷರ ಸೇರಿತು. ಮಾರನೇ ದಿನ ಮಕ್ಕಳಿಂದ ಚೀಟಿ ಬರೆಸಿ, ನಾನೊಬ್ಬನೇ ನಾಲ್ಕು ಎತ್ತಿ, ಆ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದೆ. ವೆಬ್‌ಸೈಟ್ ಒಪ್ಪಲಿಲ್ಲ. ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ ಬೇಕಂತೆ.